ಹಗುರ ಕಿಟ್ ಸ್ಪೋರ್ಟ್ಸ್ ಕಾರನ್ನು ರಸ್ತೆಗೆ ಹದಗೊಳಿಸುವ ಬಗೆ

ಪ್ರಶ್ನೆ: ಲೋಟಸ್ ಸೆವೆನ್ ಮಾದರಿಯ, ಎರಡು ಸೀಟಿನ ಕಿಟ್ ಕಾರೊಂದನ್ನು ನಾನೇ ಜೋಡಿಸಿದ್ದೇನೆ. ಎಂಜಿನ್ ಮುಂದಿದೆ, ಚಾಲನೆ ಹಿಂದಿನ ಚಕ್ರಗಳಿಗೆ. ಅರ್ಧ ಟ್ಯಾಂಕ್ ಪೆಟ್ರೋಲ್ ಸೇರಿ ತೂಕ ಸುಮಾರು 550 ಕೆ.ಜಿ. ಮುಂದಿನ ಸ್ಪ್ರಿಂಗ್‌ಗಳು ಇಂಚಿಗೆ 300 ಪೌಂಡ್‌ನವು (ಅಂದರೆ ಒಂದು ಇಂಚು ಕುಗ್ಗಲು 300 ಪೌಂಡ್ ಭಾರ ಬೇಕು), ಟೈರುಗಳು 185/60 ಆರ್14, ಗಾಳಿ 28 ಪಿಎಸ್‌ಐ. ಮುಂದಿನ ಕ್ಯಾಂಬರ್ (ಚಕ್ರದ ವಾಲಿಕೆ) ಮೈನಸ್ ಎರಡೂವರೆ ಡಿಗ್ರಿ, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದೆ; ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚಿನ ದಿಕ್ಕು, ಸ್ವಲ್ಪ ಹೊರಕ್ಕಿದೆ. ನುಣುಪಾದ ರಸ್ತೆಯಲ್ಲಿ ಸೊಗಸಾಗಿ ಓಡುವ ಕಾರು ಒರಟು ರಸ್ತೆಯಲ್ಲಿ ಪುಟಿಯುತ್ತದೆ, ಉಬ್ಬು ಸಿಕ್ಕಾಗಲೆಲ್ಲ ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಮಳೆಯಲ್ಲಿ ಮುಂಭಾಗ ತಿರುವಿನ ಹೊರಕ್ಕೆ ಜಾರುತ್ತದೆ. ಇನ್ನೂ ಗಡುಸಾದ ಸ್ಪ್ರಿಂಗ್ ಹಾಕಿ, ಮುಂದೆ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ದಪ್ಪ ಆ್ಯಂಟಿ-ರೋಲ್ ಬಾರ್ ಕೂರಿಸಲು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ನಾನು ಈ ಕಾರನ್ನು ರಸ್ತೆಯಲ್ಲಷ್ಟೇ ಓಡಿಸುವವನು. ಎಲ್ಲಿಂದ ಶುರುಮಾಡಬೇಕು? ಬ್ರೇಕಿನ ಹಂಚಿಕೆಯ ಬಗ್ಗೆಯೂ ತಿಳಿಸಿ.

ಉತ್ತರ: ನೀವು ಹೇಳಿದ ಮೂರು ತೊಂದರೆಗಳಿಗೂ ಬಹುಪಾಲು ಒಂದೇ ಮೂಲವಿದೆ. ನಿಮ್ಮ ಕಾರು ಈಗಾಗಲೇ ರಸ್ತೆಗೆ ಬೇಕಾದುದಕ್ಕಿಂತ ಗಡುಸಾಗಿದೆ, ಅದರ ಟೈರುಗಳಲ್ಲಿ ಬೇಕಾದುದಕ್ಕಿಂತ ಹೆಚ್ಚು ಗಾಳಿ ಇದೆ, ಮತ್ತು ಅದರ ಚಕ್ರಗಳ ಕೋನಗಳು ರೇಸ್ ಟ್ರ್ಯಾಕಿಗೆ ಹೊಂದುವಂಥವು. ಆದ್ದರಿಂದ ಗೆಳೆಯರ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಕಾರು ಹಗುರವಾಗಿರುವುದರ ನಿಜವಾದ ಲಾಭವೆಂದರೆ ಅದನ್ನು ಮೆತ್ತಗಿನ ಸ್ಪ್ರಿಂಗ್‌ಗಳ ಮೇಲೆ ಕೂರಿಸಬಹುದು ಎಂಬುದು. ಗುರುತ್ವ ಕೇಂದ್ರ ನೆಲಕ್ಕೆ ಅಷ್ಟು ಹತ್ತಿರವಿರುವುದರಿಂದ ಸ್ಪ್ರಿಂಗ್ ಮೆತ್ತಗಿದ್ದರೂ ಇಂಥ ಕಾರು ತಿರುವಿನಲ್ಲಿ ಹೆಚ್ಚು ವಾಲುವುದಿಲ್ಲ. 1957ರಲ್ಲಿ ಸೆವೆನ್ ಕಾರನ್ನು ತಂದ ಲೋಟಸ್ ಕಂಪನಿಯೇ 1962ರಲ್ಲಿ ಎಲಾನ್ ಕಾರನ್ನು ಹೊರತಂದಿತು. 700 ಕೆ.ಜಿ.ಗೂ ಕಡಿಮೆ ತೂಕದ ಆ ಕಾರಿನ ಸ್ಪ್ರಿಂಗ್‌ಗಳು ಮೆತ್ತಗಿದ್ದವು, ಚಕ್ರಗಳಿಗೆ ಮೇಲೆ ಕೆಳಗೆ ಚಲಿಸಲು ಧಾರಾಳ ಅವಕಾಶವಿತ್ತು, ಆದರೂ ರಸ್ತೆಯ ಮೇಲಿನ ಅದರ ಹಿಡಿತವನ್ನು ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. ಒರಟು ರಸ್ತೆಯಲ್ಲಿ ಟೈರು ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ರಸ್ತೆಗಾಗಿ ಹದಗೊಳಿಸುವುದರ ಗುರಿ, ಮುಂದೆ ಬರುವ ಎಲ್ಲ ಅಂಕಿಗಳೂ ಅದಕ್ಕಾಗಿಯೇ ಇರುವಂಥವು.

ಒಂದು ಪೈಸೆಯೂ ಖರ್ಚಿಲ್ಲದ ಕೆಲಸ ಟೈರಿನ ಗಾಳಿ, ಆದ್ದರಿಂದ ಅದನ್ನು ಮೊದಲು ಮಾಡಿ. ನೀವು ಕೂತ ಮೇಲೆ ಕಾರಿನ ತೂಕ ಸುಮಾರು 630 ಕೆ.ಜಿ. ಆಗುತ್ತದೆ, ಅಂದರೆ ಒಂದೊಂದು ಚಕ್ರದ ಮೇಲೆ ಸರಾಸರಿ 160 ಕೆ.ಜಿ.ಗಿಂತ ಕಡಿಮೆ. 1300 ಕೆ.ಜಿ. ತೂಗುವ ಸಾಮಾನ್ಯ ಕಾರಿನ ಚಕ್ರ ಇದರ ಎರಡರಷ್ಟಕ್ಕೂ ಮಿಗಿಲಾದ ಭಾರ ಹೊರುತ್ತದೆ. ನಿಮ್ಮ ಅಳತೆಯ ಟೈರುಗಳು ಸಾಮಾನ್ಯವಾಗಿ 82ರ ಭಾರ ಸೂಚ್ಯಂಕದೊಂದಿಗೆ ಬರುತ್ತವೆ, ಆ ಸೂಚ್ಯಂಕಕ್ಕೆ 475 ಕೆ.ಜಿ. ಹೊರುವ ಶಕ್ತಿ ಎಂದರ್ಥ. ಅದರ ಮೂರನೇ ಒಂದರಷ್ಟು ಭಾರಕ್ಕೆ 28 ಪಿಎಸ್‌ಐ ತುಂಬಿದರೆ ಟೈರಿನ ಬದಿಗಳು ಮಣಿಯುವುದೇ ಇಲ್ಲ, ನಡುಭಾಗ ಮಾತ್ರ ನೆಲವನ್ನು ಸರಿಯಾಗಿ ಒತ್ತುತ್ತದೆ, ರಬ್ಬರು ಬೆಚ್ಚಗಾಗುವುದೂ ಇಲ್ಲ. ಕಾರು ಓಡದೆ ತಣ್ಣಗಿರುವಾಗ ನಾಲ್ಕೂ ಟೈರುಗಳಿಗೆ 18 ಪಿಎಸ್‌ಐ ತುಂಬಿ ಆರಂಭಿಸಿ, ಅನುಭವ ನೋಡಿಕೊಂಡು 16ರಿಂದ 20ರ ನಡುವೆ ಒಂದೊಂದೇ ಅಂಕಿ ಬದಲಿಸಿ. ಗಾಳಿ ತೀರಾ ಕಡಿಮೆಯಾದರೆ ಸ್ಟೀರಿಂಗ್‌ನ ಸ್ಪಂದನ ಮಂಕಾಗುತ್ತದೆ. ಜೊತೆಗೆ, ಗಾಳಿ ಇಳಿದಷ್ಟೂ ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗವೂ ಇಳಿಯುವುದರಿಂದ 16ಕ್ಕಿಂತ ಕೆಳಗೆ ಹೋಗಬೇಡಿ. ಇದೇ ಕಾರಣಕ್ಕೆ ಇನ್ನೂ ಅಗಲವಾದ ಟೈರುಗಳ ಆಸೆಗೂ ಬೀಳಬೇಡಿ: ಹಗುರ ಕಾರಿಗೆ ಅಗಲ ಟೈರು ಹಾಕಿದರೆ ಮಳೆಗಾಲದಲ್ಲಿ ಅದು ನೀರನ್ನು ಸೀಳುವ ಬದಲು ನೀರಿನ ಮೇಲೇರುತ್ತದೆ. ಟ್ರ್ಯಾಕಿಗೆಂದೇ ಮಾಡಿದ, ಗೀರುಗಳು ಕಡಿಮೆಯಿರುವ ಅರೆ-ಸ್ಲಿಕ್ ಟೈರುಗಳು ರಸ್ತೆಯ ವೇಗದಲ್ಲಿ ಕಾಯುವುದಿಲ್ಲ, ಕಾಯದಿದ್ದರೆ ಹಿಡಿಯುವುದಿಲ್ಲ.

ಇಷ್ಟಕ್ಕೇ ಪುಟಿತ ಗಣನೀಯವಾಗಿ ತಗ್ಗಬೇಕು. ಉಳಿದದ್ದು ಸ್ಪ್ರಿಂಗ್‌ನ ಮಾತು, ಅಲ್ಲಿ ಸ್ವಲ್ಪ ಲೆಕ್ಕ ಬೇಕು. ಸ್ಪ್ರಿಂಗ್‌ನ ಮೇಲೆ ಬರೆದಿರುವ ಅಂಕಿಯೊಂದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಸ್ಪ್ರಿಂಗ್ ವಿಶ್‌ಬೋನಿನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ಮೇಲೆ ಚಕ್ರದಿಂದ ಒಳಗೆ, ಓರೆಯಾಗಿ ಕೂತಿರುತ್ತದೆ. ಒಂದು ಬದಿಯ ಸ್ಪ್ರಿಂಗ್ ಕಳಚಿ ಡ್ಯಾಂಪರನ್ನು (ತೊನೆತ ತಡೆಯುವ ಶಾಕ್ ಅಬ್ಸಾರ್ಬರನ್ನು) ಮಾತ್ರ ಮತ್ತೆ ಜೋಡಿಸಿ, ಕಾರು ಎಂದಿನಂತೆ ನಿಲ್ಲುವ ಮಟ್ಟದಿಂದ ಚಕ್ರವನ್ನು 50 ಮಿ.ಮೀ. ಮೇಲೆತ್ತಿದಾಗ ಡ್ಯಾಂಪರ್ ಎಷ್ಟು ಕುಗ್ಗುತ್ತದೆ ಎಂದು ಅಳೆಯಿರಿ. ಅದು 32 ಅಥವಾ 33 ಮಿ.ಮೀ. ಬಂದರೆ ಚಲನೆಯ ಅನುಪಾತ 0.65 ಎಂದಾಯಿತು, ಈ ಬಗೆಯ ಕಾರುಗಳಲ್ಲಿ ಇದು ಅಸಹಜವಲ್ಲ. ಚಕ್ರದ ಬಳಿ ಸಿಗುವ ಗಡುಸುತನ ಎಂದರೆ ಸ್ಪ್ರಿಂಗ್‌ನ ಗಡುಸುತನವನ್ನು ಈ ಅನುಪಾತದ ವರ್ಗದಿಂದ ಗುಣಿಸಿದ ಮೊತ್ತ. ನಿಮ್ಮ 300 ಪೌಂಡಿನ ಸ್ಪ್ರಿಂಗ್ ಮಿ.ಮೀ.ಗೆ ಸುಮಾರು 52.5 ನ್ಯೂಟನ್‌ನದು, ಅದನ್ನು 0.65ರ ವರ್ಗವಾದ 0.4225ರಿಂದ ಗುಣಿಸಿದರೆ ಚಕ್ರದ ಬಳಿ ಮಿ.ಮೀ.ಗೆ ಸುಮಾರು 22 ನ್ಯೂಟನ್ ಆಗುತ್ತದೆ. ಮುಂದಿನ ಒಂದು ಮೂಲೆಯ ಭಾರದಲ್ಲಿ ಚಕ್ರ, ಬ್ರೇಕು ಮುಂತಾದ ಸ್ಪ್ರಿಂಗ್‌ಗಿಂತ ಕೆಳಗಿನ ಭಾಗಗಳನ್ನು ಕಳೆದು 115 ಕೆ.ಜಿ. ಉಳಿಯುತ್ತದೆ ಎಂದುಕೊಂಡರೆ, ಆ ಮೂಲೆ ಸೆಕೆಂಡಿಗೆ 2.2 ಸಲ, ಅಂದರೆ 2.2 ಹರ್ಟ್ಸ್‌ನಲ್ಲಿ, ತೊನೆಯುತ್ತದೆ. ರಸ್ತೆಯಲ್ಲಿ ಓಡುವ ಸ್ಪೋರ್ಟ್ಸ್ ಕಾರಿಗೆ 1.5ರಿಂದ 2 ಹರ್ಟ್ಸ್ ಸಾಕು. 2ನ್ನು ದಾಟಿದ್ದು ಟ್ರ್ಯಾಕಿನ ಪಾಲಿನದು. 1.7 ಹರ್ಟ್ಸ್ ಬೇಕಿದ್ದರೆ ಚಕ್ರದ ಬಳಿ ಮಿ.ಮೀ.ಗೆ ಸುಮಾರು 13 ನ್ಯೂಟನ್ ಇರಬೇಕು, ಅಂದರೆ ಇಂಚಿಗೆ 175 ಪೌಂಡಿನ ಆಸುಪಾಸಿನ ಸ್ಪ್ರಿಂಗ್ ಬೇಕು. ತುಸು ಬಿಗಿ ಇಷ್ಟಪಡುವವರಾದರೆ 200 ಪೌಂಡಿನದನ್ನು ಹಾಕಿ, ಆಗಲೂ 1.8 ಹರ್ಟ್ಸ್ ಆಸುಪಾಸಿನಲ್ಲೇ ಇರುತ್ತೀರಿ. ನಿಮ್ಮ ಅನುಪಾತ ಬೇರೆಯಾಗಿದ್ದರೆ ಈ ಅಂಕಿಗಳೂ ಬದಲಾಗುತ್ತವೆ, ಆದ್ದರಿಂದ ಅಳೆಯದೆ ಕೊಳ್ಳಬೇಡಿ.

ಹಿಂದಿನ ಸ್ಪ್ರಿಂಗ್‌ಗಳ ತೊನೆತ ಮುಂದಿನದಕ್ಕಿಂತ ತುಸು ಚುರುಕಾಗಿರಲಿ. ಉಬ್ಬು ಮೊದಲು ಮುಂದಿನ ಚಕ್ರಕ್ಕೆ, ಆಮೇಲೆ ಹಿಂದಿನ ಚಕ್ರಕ್ಕೆ ಸಿಗುವುದರಿಂದ, ಹಿಂಭಾಗ ಬೇಗ ತೊನೆದು ಮುಂಭಾಗವನ್ನು ಹಿಡಿದುಕೊಂಡರೆ ಕಾರು ಮೂಗೆತ್ತಿ ಮೂಗಿಳಿಸುವುದು ನಿಲ್ಲುತ್ತದೆ. ಆದರೆ ಈ ಕಾರುಗಳಲ್ಲಿ ಸೀಟುಗಳು ಹಿಂದಿನ ಆ್ಯಕ್ಸಲ್‌ಗೆ ಅಂಟಿಕೊಂಡಂತೆ ಇರುತ್ತವೆ. ಪಕ್ಕದಲ್ಲಿ 80 ಕೆ.ಜಿ.ಯ ಪ್ರಯಾಣಿಕರೊಬ್ಬರು ಕೂತರೆ ಅದರಲ್ಲಿ ಸುಮಾರು 60 ಕೆ.ಜಿ. ಹಿಂದಿನ ಚಕ್ರಗಳಿಗೇ ಹೋಗುತ್ತದೆ. ಚಕ್ರದ ಬಳಿ ಮಿ.ಮೀ.ಗೆ 16 ನ್ಯೂಟನ್ ಇದ್ದರೆ ಹಿಂಭಾಗ ಸರಾಸರಿ 18 ಮಿ.ಮೀ. ಕುಸಿಯುತ್ತದೆ. ದೊಡ್ಡ ಕಾರಿನಲ್ಲಿ ಗಮನಕ್ಕೇ ಬಾರದ ಈ ಭಾರ ಇಲ್ಲಿ ಕಾರಿನ ನಿಲುವನ್ನೇ ಬದಲಿಸುತ್ತದೆ. ಸಾಮಾನ್ಯವಾಗಿ ನೀವು ಒಬ್ಬರೇ ಓಡಾಡುತ್ತೀರೋ ಇಬ್ಬರೋ ಎಂಬುದನ್ನು ಮೊದಲೇ ನಿರ್ಧರಿಸಿ, ಮುಂದಿನ ಎಲ್ಲ ಅಳತೆಗಳನ್ನೂ ಆ ಭಾರವನ್ನಿಟ್ಟೇ ಮಾಡಿ.

ಡ್ಯಾಂಪರ್‌ಗಳ ವಿಷಯದಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು, ತಿರುಪನ್ನು ಗಡುಸಿನ ಕಡೆಗೆ ತಿರುಗಿಸಿಟ್ಟು ಅದನ್ನೇ ಸ್ಪೋರ್ಟ್ಸ್ ಕಾರಿನ ಲಕ್ಷಣವೆಂದು ತಿಳಿಯುವುದು. ಒಂದೇ ತಿರುಪು ಇರುವ ಡ್ಯಾಂಪರ್‌ಗಳಲ್ಲಿ ಅದು ಬಹುತೇಕ ಚಕ್ರ ಕೆಳಗಿಳಿಯುವ ಚಲನೆಯನ್ನೇ ಹೆಚ್ಚು ಬಿಗಿಗೊಳಿಸುತ್ತದೆ. ಆ ಬಿಗಿ ಹೆಚ್ಚಾದಾಗ, ಒಂದು ಉಬ್ಬನ್ನು ಹತ್ತಿದ ಚಕ್ರ ಮುಂದಿನ ಉಬ್ಬು ಬರುವುದರೊಳಗೆ ಕೆಳಗಿಳಿಯಲಾರದು. ಸಾಲು ಉಬ್ಬುಗಳ ಮೇಲೆ ಕಾರು ಮೆಲ್ಲಗೆ ಕುಸಿಯುತ್ತ ಹೋಗಿ, ಕೊನೆಗೆ ಚಲಿಸಲು ಜಾಗವೇ ಇಲ್ಲದೆ ಪುಟಿಯುತ್ತದೆ. ಅದರಲ್ಲೂ ಚಕ್ರ, ಹಬ್, ಬ್ರೇಕುಗಳ ತೂಕ ಕಾರಿನ ಒಟ್ಟು ತೂಕದಲ್ಲಿ ದೊಡ್ಡ ಪಾಲಾಗಿರುವುದರಿಂದ, ಚಕ್ರದ ಪ್ರತಿಯೊಂದು ಕುಣಿತವೂ ಹಗುರ ದೇಹವನ್ನು ತನ್ನೊಡನೆ ಎಳೆಯುತ್ತದೆ. ಹಿಂದೆ ಇಡೀ ಆ್ಯಕ್ಸಲ್ ಒಂದೇ ತುಂಡಾಗಿರುವ ಕಾರುಗಳಲ್ಲಿ ಇದು ಇನ್ನೂ ಹೆಚ್ಚು. ಸ್ಪ್ರಿಂಗ್ ಮೆತ್ತಗಾದರೆ ಅದನ್ನು ತಡೆಯಲು ಬೇಕಾದ ಬಿಗಿಯೂ ಕಡಿಮೆಯಾಗುತ್ತದೆಂಬುದನ್ನು ನೆನಪಿಡಿ. ತಿರುಪುಗಳನ್ನು ಅತಿ ಮೆತ್ತಗಿನ ತುದಿಗೆ ತಂದು, ನಿಮಗೆ ಗೊತ್ತಿರುವ ಒಂದೇ ಒರಟು ರಸ್ತೆಯಲ್ಲಿ, ಒಂದೇ ವೇಗದಲ್ಲಿ ಓಡಿಸಿ. ಎಡಬಲ ಸಮನಾಗಿ ಒಂದೊಂದು ಕ್ಲಿಕ್ ಏರಿಸುತ್ತ, ದಿಬ್ಬ ದಾಟಿದ ದೇಹ ಒಂದೇ ತೊನೆತಕ್ಕೆ ನಿಲ್ಲುವ ಹಂತದಲ್ಲಿ ಬಿಟ್ಟುಬಿಡಿ. ಅತಿ ಮೆತ್ತಗಿನ ತುದಿಯಲ್ಲೂ ಕಾರು ಪುಟಿಯುತ್ತಿದ್ದರೆ ಆ ಡ್ಯಾಂಪರ್‌ಗಳು ಹೆಚ್ಚು ಭಾರದ ಕಾರಿಗೆಂದು ಮಾಡಿದವು, ಅವನ್ನು ಒಳಗಿನಿಂದಲೇ ಬದಲಿಸಬೇಕು.

ನೆಲದಿಂದ ಎತ್ತರವನ್ನು ನಿಮ್ಮ ರಸ್ತೆಗಳೇ ನಿರ್ಧರಿಸಲಿ. ಈ ಕಾರುಗಳಲ್ಲಿ ಮೊದಲು ನೆಲ ಮುಟ್ಟುವುದು ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್. ಅದು ಒಡೆದರೆ ಎಂಜಿನ್ ಆಯಿಲ್ ಕ್ಷಣಗಳಲ್ಲಿ ಬರಿದಾಗುವುದರಿಂದ, ದಿನನಿತ್ಯ ದಾಟುವ ವೇಗತಡೆಗಳ ಮೇಲೆ ತಾಗದಷ್ಟು ಎತ್ತರವನ್ನು ಧೈರ್ಯವಾಗಿ ಕೊಡಿ. ಅಂದಕ್ಕಾಗಿ ಕಾರನ್ನು ತಗ್ಗಿಸಬೇಡಿ. ತಗ್ಗಿಸಿದಾಗ ಡ್ಯಾಂಪರಿನ ಚಲನೆಯೂ ಕಡಿಮೆಯಾಗಿ ರಬ್ಬರ್ ತಡೆಗೆ ಬಡಿಯತೊಡಗುತ್ತದೆ. ಚಾಸಿಯ ಕೆಳ ಅಂಚು ಮುಂದಿಗಿಂತ ಹಿಂದೆ 10ರಿಂದ 15 ಮಿ.ಮೀ. ಎತ್ತರವಿರಲಿ. ಸ್ಪ್ರಿಂಗ್‌ನ ಕೆಳಗಿನ ತಿರುಗುವ ತಟ್ಟೆಯನ್ನು ಏರಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಎಷ್ಟು ಕುಗ್ಗಿದರೂ ಒಂದೇ ಗಡುಸುತನದ ಸ್ಪ್ರಿಂಗ್‌ನಲ್ಲಿ, ಡ್ಯಾಂಪರ್ ಪೂರ್ತಿ ಚಾಚಿಕೊಂಡಿರದಿದ್ದರೆ, ಅದರಿಂದ ಎತ್ತರ ಮಾತ್ರ ಬದಲಾಗುತ್ತದೆ, ಗಡುಸುತನವಲ್ಲ.

ಎತ್ತರ ಸಿಕ್ಕ ಮೇಲೆ ಇನ್ನೊಂದು ಕೆಲಸವಿದೆ, ಅದನ್ನು ಬಿಟ್ಟವರೇ ಹೆಚ್ಚು. ವಿಶ್‌ಬೋನಿನ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಕಾರು ತನ್ನ ಚಕ್ರಗಳ ಮೇಲೆ, ಚಾಲಕರ ಭಾರದೊಡನೆ ನಿಂತಿರುವಾಗ ಮತ್ತೆ ಬಿಗಿ ಮಾಡಿ. ಕಾರನ್ನು ಸ್ಟ್ಯಾಂಡಿನ ಮೇಲಿಟ್ಟು, ಚಕ್ರಗಳು ಜೋತಾಡುತ್ತಿರುವಾಗ ಬಿಗಿ ಮಾಡಿದ ಬುಷ್‌ಗಳು ಕೆಳಗಿಳಿಸಿದೊಡನೆ ತಿರುಚಿಕೊಂಡು ತಾವೇ ಇನ್ನೊಂದು ಸ್ಪ್ರಿಂಗ್‌ನಂತೆ ವರ್ತಿಸುತ್ತವೆ, ನಾಲ್ಕು ಮೂಲೆಗಳ ತೂಕವನ್ನು ಕೆಡಿಸುತ್ತವೆ, ಬೇಗನೆ ಹರಿಯುತ್ತವೆ.

ಆಮೇಲೆ ನಾಲ್ಕು ಮೂಲೆಗಳ ತೂಕ. ಸಮತಟ್ಟಾದ ನೆಲದಲ್ಲಿ ನಾಲ್ಕು ತಕ್ಕಡಿಗಳನ್ನಿಟ್ಟು, ಅವುಗಳ ಮಟ್ಟದಲ್ಲಿ ಒಂದೆರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿಲ್ಲದಂತೆ ನೋಡಿಕೊಳ್ಳಿ. ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯೂ ನಡೆಯುತ್ತದೆ, ಆದರೆ ಅನೇಕ ತಕ್ಕಡಿಗಳು 150 ಕೆ.ಜಿ.ಗೇ ನಿಲ್ಲುವುದರಿಂದ 180 ಕೆ.ಜಿ. ಮೀರಿ ತೂಗುವಂಥದನ್ನು ಆರಿಸಿ. ನಿಮ್ಮಷ್ಟೇ ತೂಕವನ್ನು ಚಾಲಕರ ಸೀಟಿನಲ್ಲಿಟ್ಟು, ಆ್ಯಂಟಿ-ರೋಲ್ ಬಾರ್ ಇದ್ದರೆ ಅದರ ಒಂದು ತುದಿಯನ್ನು ಕಳಚಿ ತೂಗಿ. ಚಾಲಕರು ಒಂದು ಬದಿಯಲ್ಲಿ ಕೂರುವುದರಿಂದ ಎಡಬಲ ತೂಕ ಸಮವಾಗದು, ಸ್ಪ್ರಿಂಗ್ ತಟ್ಟೆ ತಿರುಗಿಸಿ ಅದನ್ನು ಸಮ ಮಾಡಲೂ ಆಗದು. ನೀವು ಸರಿಪಡಿಸಬಹುದಾದದ್ದು ಕರ್ಣಗಳ ತೂಕ ಮಾತ್ರ: ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳ ಮೊತ್ತ ಒಟ್ಟು ತೂಕದ ಶೇ. 50ಕ್ಕೆ ಒಂದಂಶದೊಳಗೆ ಬಂದರೆ ರಸ್ತೆಗೆ ಧಾರಾಳವಾಯಿತು. ಒಂದು ಮೂಲೆಯ ತಟ್ಟೆಯನ್ನು ಏರಿಸಿದರೆ ಆ ಚಕ್ರದ ಮೇಲೂ ಅದರ ಕರ್ಣದ ತುದಿಯ ಚಕ್ರದ ಮೇಲೂ ಭಾರ ಹೆಚ್ಚುತ್ತದೆ, ಉಳಿದೆರಡರಲ್ಲಿ ತಗ್ಗುತ್ತದೆ. ಕುಂಟುವ ಮೇಜಿನ ಒಂದು ಕಾಲಿನ ಅಡಿಗೆ ಕಾಗದ ಮಡಚಿಟ್ಟಾಗ ಆಗುವುದೂ ಇದೇ. ಒಂದೇ ಮೂಲೆಯಲ್ಲಿ ಹೆಚ್ಚು ತಿರುಗಿಸದೆ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಹಂಚಿದರೆ ಎತ್ತರ ಕೆಡುವುದಿಲ್ಲ. ಕರ್ಣದ ತೂಕ ತಪ್ಪಿದ ಕಾರಿನಲ್ಲಿ ಬ್ರೇಕ್ ಹಾಕಿದಾಗ ಹಗುರವಾದ ಮುಂದಿನ ಚಕ್ರ ಮೊದಲೇ ಬಿಗಿದುಕೊಳ್ಳುತ್ತದೆ, ಎಡ ತಿರುವಿನ ನಡತೆ ಒಂದು, ಬಲ ತಿರುವಿನ ನಡತೆ ಇನ್ನೊಂದಾಗುತ್ತದೆ.

ಇನ್ನು ಕೋನಗಳು. ಮುಂದಿನ ಕ್ಯಾಂಬರನ್ನು ಮೈನಸ್ ಒಂದರಿಂದ ಒಂದೂವರೆ ಡಿಗ್ರಿಗೆ ತನ್ನಿ. ಎರಡೂವರೆ ಡಿಗ್ರಿಯಲ್ಲಿ ನೇರ ರಸ್ತೆಯಲ್ಲೂ ಬ್ರೇಕ್ ಹಾಕುವಾಗಲೂ ಟೈರಿನ ಒಳ ಅಂಚು ಮಾತ್ರ ದುಡಿಯುತ್ತಿರುತ್ತದೆ. ಮಳೆಯಲ್ಲಿ ಮೆಲ್ಲಗೆ ಓಡಿಸುವಾಗ ದೇಹ ಅಷ್ಟೊಂದು ವಾಲುವುದೂ ಇಲ್ಲವಾದ್ದರಿಂದ ಆ ಕೋನ ಉಪಯೋಗಕ್ಕೆ ಬರುವ ಸಂದರ್ಭವೇ ರಸ್ತೆಯಲ್ಲಿ ಒದಗದು. ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಐದು ಡಿಗ್ರಿಯ ಆಸುಪಾಸಿನಲ್ಲಿರಲಿ, ಎಡಬಲ ಸಮವಾಗಿರಲಿ; ಮುಂಭಾಗ ಇಷ್ಟು ಹಗುರವಿರುವ ಕಾರಿನಲ್ಲಿ ಸ್ಟೀರಿಂಗ್ ತಾನಾಗಿ ನಡುವಿಗೆ ಮರಳಲು ಕ್ಯಾಸ್ಟರ್ ಸಾಕಷ್ಟು ಬೇಕಾಗುತ್ತದೆ. ಮುಂದಿನ ಟೋ ಹೊರಕ್ಕಿರುವುದನ್ನು ತಪ್ಪದೆ ತೆಗೆಯಿರಿ. ತಿರುವಿಗೆ ಕಾರು ಚುರುಕಾಗಿ ಹೊರಳಲೆಂದು ಟ್ರ್ಯಾಕಿನಲ್ಲಿ ಹಾಗೆ ಮಾಡುತ್ತಾರೆ. ರಸ್ತೆಯಲ್ಲಿ ಅದೇ ಚುರುಕು ಪ್ರತಿ ಗೀರಿಗೂ ಪ್ರತಿ ಉಬ್ಬಿಗೂ ಬೆನ್ನು ಹತ್ತುವ ಚಂಚಲತೆಯಾಗುತ್ತದೆ. ಮುಂದಿನ ಚಕ್ರಗಳು ಸಮಾಂತರವಾಗಿ, ಅಥವಾ ಎರಡೂ ಸೇರಿ ಒಂದು ಮಿ.ಮೀ. ಒಳಕ್ಕೆ ಇರಲಿ. ಹಿಂದೆ ಹೊಂದಿಸಲು ಅವಕಾಶವಿದ್ದರೆ ಎರಡೂ ಸೇರಿ ಎರಡು ಮಿ.ಮೀ. ಒಳಕ್ಕೆ ಕೊಡಿ, ಹಿಂದಿನ ಟೋ ಹೊರಕ್ಕೆ ಹೋಗಲು ಎಂದೂ ಬಿಡಬೇಡಿ, ತಿರುವಿನ ನಡುವೆ ಆ್ಯಕ್ಸಲರೇಟರ್ ಬಿಟ್ಟಾಗ ಹಿಂಭಾಗ ತಿರುಗಿಬೀಳಲು ಅದೊಂದೇ ಸಾಕು. ಇದನ್ನು ಅಳೆಯಲು ಕಾರಿನ ಎರಡೂ ಬದಿ ಚಾಸಿಯ ನಡುಗೆರೆಗೆ ಸಮಾಂತರವಾಗಿ ದಾರ ಕಟ್ಟಿ, ರಿಮ್ಮಿನ ಮುಂದಿನ ಹಾಗೂ ಹಿಂದಿನ ಅಂಚಿನಿಂದ ದಾರಕ್ಕಿರುವ ಅಂತರವನ್ನು ಉಕ್ಕಿನ ಅಳತೆಪಟ್ಟಿಯಲ್ಲಿ ನೋಡಿದರೆ ಸಾಕು. ಕ್ಯಾಸ್ಟರ್, ಕ್ಯಾಂಬರ್, ಟೋ ಎಂಬ ಈ ಅನುಕ್ರಮವನ್ನು ತಪ್ಪಿಸಬೇಡಿ, ಮೊದಲಿನದನ್ನು ಮುಟ್ಟಿದರೆ ನಂತರದವು ಬದಲಾಗುತ್ತವೆ.

ಉಬ್ಬಿನ ಮೇಲೆ ಸ್ಟೀರಿಂಗ್ ಎಳೆಯುವುದಕ್ಕೆ ಟೋ ಜೊತೆಗೆ ಇನ್ನೊಂದು ಕಾರಣವನ್ನೂ ಪರೀಕ್ಷಿಸಲೇಬೇಕು. ಚಕ್ರ ಮೇಲೆ ಕೆಳಗೆ ಚಲಿಸುವಾಗ ವಿಶ್‌ಬೋನ್ ಬರೆಯುವ ಕಮಾನಿಗೂ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು, ಅಂದರೆ ಟೈ ರಾಡ್ ಬರೆಯುವ ಕಮಾನಿಗೂ ಹೊಂದಿಕೆಯಿಲ್ಲದಿದ್ದರೆ ನೀವು ತಿರುಗಿಸದೆಯೇ ಚಕ್ರ ತಿರುಗುತ್ತದೆ. ಕೈಯಿಂದ ಬೆಸುಗೆ ಹಾಕಿದ ಚಾಸಿ, ಬೇರೊಂದು ಕಾರಿನಿಂದ ತಂದ ಸ್ಟೀರಿಂಗ್ ರ‍್ಯಾಕ್ ಸೇರಿದಲ್ಲಿ ಈ ದೋಷ ತೀರಾ ಸಾಮಾನ್ಯ. ಸ್ಪ್ರಿಂಗ್ ಕಳಚಿ, ಸ್ಟೀರಿಂಗನ್ನು ನೇರಕ್ಕೆ ಕಟ್ಟಿ, ಚಕ್ರವನ್ನು ನಿಲುವಿನ ಮಟ್ಟದಿಂದ 40 ಮಿ.ಮೀ. ಮೇಲಕ್ಕೂ 40 ಮಿ.ಮೀ. ಕೆಳಕ್ಕೂ 10 ಮಿ.ಮೀ. ಹೆಜ್ಜೆಗಳಲ್ಲಿ ಸರಿಸುತ್ತ ಟೋ ಬರೆದುಕೊಳ್ಳಿ. ಮೊದಲ 25 ಮಿ.ಮೀ.ನಲ್ಲಿ ಬದಲಾವಣೆ ಅರ್ಧ ಮಿ.ಮೀ.ನೊಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದು, ಟೋ ಒಂದೇ ದಿಕ್ಕಿನಲ್ಲಿ ನೇರ ಗೆರೆಯಂತೆ ಬದಲಾಗುತ್ತಿದ್ದರೆ ಟೈ ರಾಡಿನ ಓರೆ ತಪ್ಪಿದೆ ಎಂದರ್ಥ: ರ‍್ಯಾಕಿನ ಅಡಿಗೆ ಅಥವಾ ಹೊರತುದಿಯ ಬಾಲ್ ಜಾಯಿಂಟಿನ ಬಳಿ ಶಿಮ್ (ತೆಳು ತಗಡು) ಇಟ್ಟು ಎತ್ತರ ಸರಿಪಡಿಸಿ. ಮೇಲಕ್ಕೂ ಕೆಳಕ್ಕೂ ಒಂದೇ ಕಡೆಗೆ ಬಾಗುವ ಗೆರೆ ಬಂದರೆ ತಪ್ಪು ರ‍್ಯಾಕಿನ ಒಳಕೀಲುಗಳ ನಡುವಿನ ಅಗಲದಲ್ಲಿದೆ, ಅದಕ್ಕೆ ಸರಿಯಾದ ಅಳತೆಯ ರ‍್ಯಾಕ್ ಹುಡುಕಬೇಕಾಗುತ್ತದೆ. ನಿಮ್ಮ ವರ್ಣನೆಯನ್ನು ಓದಿದರೆ, ಇಡೀ ಕೆಲಸದಲ್ಲಿ ಹೆಚ್ಚಿನ ಫಲ ಕೊಡುವ ಪರೀಕ್ಷೆ ಇದೇ ಆಗಬಹುದು.

ಆ್ಯಂಟಿ-ರೋಲ್ ಬಾರಿನ ಬಗ್ಗೆ ಹೇಳುವುದಾದರೆ, ಮುಂದಿನ ಬಾರನ್ನು ದಪ್ಪ ಮಾಡಿದಷ್ಟೂ ತಿರುವಿನಲ್ಲಿ ಒಳಬದಿಯಿಂದ ಹೊರಬದಿಗೆ ಭಾರ ಸಾಗುವುದು ಮುಂದಿನ ಚಕ್ರಗಳ ನಡುವೆಯೇ ಹೆಚ್ಚಾಗಿ, ಮುಂಭಾಗದ ಹಿಡಿತ ಕಡಿಮೆಯಾಗುತ್ತದೆ. ಮಳೆಯಲ್ಲಿ ಮುಂಭಾಗ ಜಾರುತ್ತಿರುವ ಕಾರಿಗೆ ಅದು ಔಷಧವಲ್ಲ. ಈಗ ಇರುವ ಬಾರನ್ನು ತೆಳುವಾದುದಕ್ಕೆ ಬದಲಿಸುವುದು ಅಥವಾ ತೆಗೆದೇ ನೋಡುವುದು ಸರಿಯಾದ ದಿಕ್ಕು. ಅದನ್ನೂ ಗಾಳಿ, ಸ್ಪ್ರಿಂಗ್, ಟೋ ಇವು ಮುಗಿದ ಮೇಲೆ ಮಾಡಿ.

ಬ್ರೇಕಿನ ಹಂಚಿಕೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತಿಳಿಯದಿದ್ದರೆ ಅಪಾಯ. ಗುರುತ್ವ ಕೇಂದ್ರ ನೆಲದಿಂದ 0.42 ಮೀಟರ್ ಎತ್ತರದಲ್ಲೂ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ಅಂತರ 2.25 ಮೀಟರ್ ಕೂಡ ಇದೆಯೆಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಗುರುತ್ವದ 0.8ರಷ್ಟು ಬಲವಾಗಿ ನಿಲ್ಲಿಸಿದಾಗ ಕಾರಿನ ತೂಕದ ಶೇ. 15ರಷ್ಟು ಹಿಂದಿನಿಂದ ಮುಂದಕ್ಕೆ ಸಾಗುತ್ತದೆ. ನಿಂತಾಗ ಮುಂದೆ ಶೇ. 48 ಇದ್ದದ್ದು ಶೇ. 63 ಆಗುತ್ತದೆ. ಒದ್ದೆ ರಸ್ತೆಯಲ್ಲಿ 0.4ರಷ್ಟೇ ಸಿಕ್ಕಿದರೆ ಅದು ಸುಮಾರು ಶೇ. 55ರಲ್ಲೇ ನಿಲ್ಲುತ್ತದೆ. ಈಗ ಬ್ರೇಕಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಬಾರನ್ನು ಮುಂದಕ್ಕೆ ಶೇ. 60 ಹೋಗುವಂತೆ ಇಟ್ಟಿದ್ದೀರಿ ಎನ್ನಿ: ಒದ್ದೆಯಲ್ಲಿ ಮುಂದಿನ ಚಕ್ರಗಳು ಮೊದಲು ಬಿಗಿದುಕೊಂಡು ಎಲ್ಲವೂ ಸುರಕ್ಷಿತವೆಂದು ತೋರುತ್ತದೆ, ಒಣ ರಸ್ತೆಯ ತುರ್ತು ಬ್ರೇಕಿನಲ್ಲಿ ಮಾತ್ರ ಹಿಂದಿನವು ಮೊದಲು ಬಿಗಿದುಕೊಂಡು ಕಾರು ಗಿರ್ರನೆ ತಿರುಗುತ್ತದೆ. ಆದ್ದರಿಂದ ಹಂಚಿಕೆಯನ್ನು ವಾಹನಗಳು ಬಾರದ ಖಾಲಿ ಜಾಗದಲ್ಲಿ, ಒಣ ನೆಲದಲ್ಲಿ, ಬಲವಾದ ಬ್ರೇಕಿನಲ್ಲೇ ಪರೀಕ್ಷಿಸಿ, ಅಲ್ಲಿಯೂ ಮುಂದಿನ ಚಕ್ರಗಳೇ ಮೊದಲು ಬಿಗಿದುಕೊಳ್ಳುವಂತೆ ಹೊಂದಿಸಿ, ಬಾರನ್ನು ಅಲುಗದಂತೆ ಬಿಗಿ ಮಾಡಿ. ರೇಸಿನ ಪ್ಯಾಡುಗಳು ಕಾಯ್ದ ಮೇಲೆ ಮಾತ್ರ ಹಿಡಿಯುವಂಥವು. ಇಷ್ಟು ಹಗುರ ಕಾರಿನಲ್ಲಿ ರಸ್ತೆಯ ಬ್ರೇಕು ಕಾಯುವುದೇ ಅಪರೂಪ, ಹಾಗಾಗಿ ತಣ್ಣಗಿರುವಾಗಲೇ ಕಚ್ಚುವ ಸಾಮಾನ್ಯ ರಸ್ತೆ ಪ್ಯಾಡುಗಳೇ ಇರಲಿ.

ಪ್ರತಿ ಸಲ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಹೊಸ ಸ್ಪ್ರಿಂಗ್‌ಗಳು ಮೊದಲ ಕೆಲವು ದಿನಗಳಲ್ಲಿ ತುಸು ಕುಳಿತುಕೊಳ್ಳುತ್ತವೆ, ಬುಷ್‌ಗಳೂ ತಮ್ಮ ಜಾಗ ಹಿಡಿಯುತ್ತವೆ. ಮೊದಲ 100 ಕಿ.ಮೀ. ಆದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಸಸ್ಪೆನ್ಷನ್, ಸ್ಟೀರಿಂಗ್ ಮತ್ತು ಬ್ರೇಕಿನ ಪ್ರತಿಯೊಂದು ಬೋಲ್ಟನ್ನೂ ಟಾರ್ಕ್ ರೆಂಚಿನಿಂದ ನೋಡಿ, ನೋಡಿದ್ದಕ್ಕೆ ನಟ್ಟಿನಿಂದ ಚಾಸಿಯವರೆಗೆ ಬಣ್ಣದ ಗೆರೆ ಎಳೆಯಿರಿ; ನಟ್ಟು ಸಡಿಲಾದರೆ ಗೆರೆ ಮುರಿದಿರುವುದು ಬಗ್ಗಿ ನೋಡಿದೊಡನೆ ಕಾಣುತ್ತದೆ. ಒಳಗೆ ನೈಲಾನ್ ಉಂಗುರವಿರುವ ನಟ್ಟುಗಳನ್ನು ಒಮ್ಮೆ ಬಿಚ್ಚಿದರೆ ಮರುಬಳಕೆ ಮಾಡದೆ ಹೊಸದನ್ನೇ ಹಾಕಿ. ಎರಡನೆಯ ತಪಾಸಣೆಯಲ್ಲಿ ಎತ್ತರವನ್ನೂ ಟೋವನ್ನೂ ಇನ್ನೊಮ್ಮೆ ಅಳೆಯಿರಿ.